ಒತ್ತೋದು ಯಾರು, ಯೋಚನೆ ಮಾಡೋದು ಯಾರು?

“ಅಲ್ಲಯ್ಯ, ವರ್ಷಕ್ಕೊಂದು ಸಲ ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡಬೇಕು. ಸರಿ, ಪಿಂಚಣಿ ತಗೊಳ್ಳೋರು ಕೊಡೋಣ. ಈಗ ಮನುಷ್ಯ ಅಂತಲೂ ಸಾಬೀತು ಮಾಡಬೇಕಂತಲ್ಲ!”

ಬೇಲಿಯ ಆಚೆಯಿಂದ ಮೇಷ್ಟ್ರು ಫೋನನ್ನು ನನ್ನ ಮೂಗಿನ ಹತ್ತಿರಕ್ಕೇ ತಂದರು. ಪರದೆಯ ಮೇಲೆ ಒಂಬತ್ತು ಪುಟ್ಟ ಚಿತ್ರ. ಬೆಂಕಿ ಆರಿಸುವ ನಲ್ಲಿ ಯಾವ್ಯಾವುದರಲ್ಲಿದೆಯೋ ಅವನ್ನೆಲ್ಲ ಮುಟ್ಟಬೇಕಂತೆ. ಮಧುಗಿರಿ ತಾಲ್ಲೂಕಿನ ಯಾವ ರಸ್ತೆ ಬದಿಯಲ್ಲಿ ಆ ಕೆಂಪು ಗೂಟ ನಿಂತಿದೆ ಹೇಳಿ. ನಮ್ಮಲ್ಲಿ ಬಣವೆಗೆ ಬೆಂಕಿ ಬಿದ್ದರೆ ಫೈರ್ ಇಂಜಿನ್ ಬರಬೇಕು, ಅದು ಬರುವ ತನಕ ಬಿಂದಿಗೆಯೇ ಗತಿ. ಅಮೆರಿಕದ ಬೀದಿ ಕಾಣದವನು ಮನುಷ್ಯನೇ ಅಲ್ಲ ಅಂತ ಯಂತ್ರ ತೀರ್ಪು ಕೊಟ್ಟುಬಿಟ್ಟಿತ್ತು. ಮೇಷ್ಟ್ರು ಎರಡು ಚಿತ್ರ ಬಿಟ್ಟಿದ್ದರು. ಫೇಲು.

ಇವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತುಮಕೂರು ಜಿಲ್ಲೆಯ ಒಳಗೇ ಇನ್ನೊಂದು ಜಿಲ್ಲೆ ಅದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಬೇರೆಯೇ ಲೆಕ್ಕ. ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದವರಿಗೆ ಈ ವಯಸ್ಸಿನಲ್ಲಿ ನಲ್ಲಿ ನೋಡಿ ನಪಾಸಾಗುವ ಯೋಗ.

ಈ ಪರೀಕ್ಷೆಗೆ ಕ್ಯಾಪ್ಚಾ ಅನ್ನುತ್ತಾರೆ. ಕಳ್ಳ ಪ್ರೋಗ್ರಾಮುಗಳು ನುಗ್ಗಿ ಅರ್ಜಿ ತುಂಬದ ಹಾಗೆ ತಡೆಯೋದು ಅದರ ಕೆಲಸ. ಬಾಗಿಲು ಕಾಯೋದು ವೆಬ್‌ಸೈಟು ಮಾಡಿದವರ ತಲೆನೋವು ತಾನೇ? ಆ ತಲೆನೋವನ್ನು ಅವರು ಚಿಲ್ಲರೆ ಮಾಡಿಸಿ, ಬಾಗಿಲಿಗೆ ಬಂದವರಿಗೆಲ್ಲ ಒಂದಿಷ್ಟೊಂದಿಷ್ಟು ಹಂಚಿಬಿಟ್ಟರು. ಹೀಗಂತ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೆ ಕುತೂಹಲ ಹುಟ್ಟಿತು. ಮೇಷ್ಟ್ರಿಗೆ ಕುತೂಹಲ ಹುಟ್ಟಿದರೆ ಆ ದಿನ ನನ್ನ ಹಿತ್ತಲ ಕೆಲಸ ಮುಗಿದ ಹಾಗೆಯೇ.

ಲ್ಯಾರಿ ಟೆಸ್ಲರ್ ಅಂತ ಒಬ್ಬರಿದ್ದರು. ಕಂಪ್ಯೂಟರಿನಲ್ಲಿ ಕಟ್, ಕಾಪಿ, ಪೇಸ್ಟ್ ಅಂತ ದಿನಾ ಮಾಡುತ್ತೇವಲ್ಲ, ಅದನ್ನು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ರೂಪಿಸಿದವರಲ್ಲಿ ಒಬ್ಬರು. ಹೌದು, ನಮ್ಮ ತಾಲ್ಲೂಕು ಕಚೇರಿ ಎದುರಿನ ಅಂಗಡಿಗಳಿಗೆಲ್ಲ ಹೆಸರು ಕೊಟ್ಟ ಅದೇ ಜೆರಾಕ್ಸು. ಆಮೇಲೆ ಆಪಲ್‌ನಲ್ಲಿದ್ದರು, 2020ರಲ್ಲಿ ತೀರಿಕೊಂಡರು. ಅವರು ಹೇಳುತ್ತಿದ್ದದ್ದು ಇಷ್ಟು: ಯಾವುದೇ ಕೆಲಸದಲ್ಲಿ ಇಂತಿಷ್ಟು ತೊಡಕು ಇದ್ದೇ ಇರುತ್ತದೆ, ಅದನ್ನು ಇಲ್ಲವಾಗಿಸಲು ಬರುವುದಿಲ್ಲ, ಆ ತೊಡಕನ್ನು ಯಾರ ತಲೆಗೆ ಕಟ್ಟಬೇಕು ಅನ್ನುವುದಷ್ಟೇ ಪ್ರಶ್ನೆ. ಇಂಜಿನಿಯರು ಒಂದು ವಾರ ಹೆಚ್ಚಿಗೆ ಒದ್ದಾಡಲಿ, ಬಳಸುವ ಲಕ್ಷಾಂತರ ಜನಕ್ಕೆ ಒಂದೊಂದು ನಿಮಿಷ ಉಳಿಯಲಿ ಅನ್ನೋದು ಅವರ ವಾದ.

ನಿಮಿಷ ಅಂದ ಕೂಡಲೆ ಮೇಷ್ಟ್ರ ಒಳಗಿನ ಗಣಿತ ಎದ್ದು ಕೂತಿತು. “ಗೃಹಲಕ್ಷ್ಮಿ ದುಡ್ಡು ತಗೊಳ್ಳೋ ಹೆಣ್ಮಕ್ಕಳು ಕೋಟಿ ಮೇಲಿದಾರೆ. ಕೋಟಿ ಅಂತಲೇ ಇಟ್ಕೋ. ಒಂದು ಗುಂಡಿ ಎಲ್ಲೈತೆ ಅಂತ ಹುಡುಕೋಕೆ ಒಬ್ಬೊಬ್ಬರಿಗೆ ಒಂದು ನಿಮಿಷ ಹೆಚ್ಚು ಹಿಡೀತು ಅನ್ನು. ಕೋಟಿ ನಿಮಿಷ. ಅರವತ್ತರಿಂದ ಭಾಗಿಸು, ಇಪ್ಪತ್ತನಾಲ್ಕರಿಂದ ಭಾಗಿಸು, ಮುನ್ನೂರ ಅರವತ್ತೈದರಿಂದ ಭಾಗಿಸು.” ಬೇಲಿಯ ಕಲ್ಲುಕೂಚದ ಮೇಲೆ ಬೆರಳಲ್ಲೇ ಗೀಚಿದರು. “19 ವರ್ಷ ಕಣಯ್ಯ! ಹಗಲೂ ರಾತ್ರಿ ಸೇರಿಸಿ 19 ವರ್ಷ. ಒಂದು ಗುಂಡಿಗೆ!”

ಒಳಗಿಂದ ದೊಡ್ಡಮ್ಮನ ದನಿ ಬಂತು. ಮೇಷ್ಟ್ರ ಮನೆಯವರನ್ನು ನಾನು ದೊಡ್ಡಮ್ಮ ಅನ್ನೋದು. “ನಂಗೊಂದ್ ನಿಮ್ಷ ಇಡೀಲಿಲ್ಲ ಕಣಪ್ಪ, ಒಂದ್ ದಿನ ಇಡೀತು. ಅದ್ನೂ ಸೇರ್ಸೋಕೇಳು ಲೆಕ್ಕುಕ್ಕೆ.”

ನಮ್ಮ ಬೀದಿಯಲ್ಲಿ ಬೇಲಿ ಇರೋದೇ ಈಗ ಫೋನು ದಾಟಿಸೋದಕ್ಕೆ. ಮೊದಲೆಲ್ಲ ಕರಿಬೇವು, ಹೆಪ್ಪಿಗೆ ಮಜ್ಜಿಗೆ ದಾಟುತ್ತಿದ್ದವು. ಈಗ “ಇದೊಂದ್ ಒತ್ಕೊಡಪ್ಪ” ಅಂತ ಫೋನು ಬರುತ್ತದೆ. ಒತ್ತಿ ಕೊಡುತ್ತೇನೆ. ಅವರಿಗೆ ಗೊತ್ತಿಲ್ಲದ್ದು ಒತ್ತೋದಲ್ಲ, ಎಲ್ಲಿ ಒತ್ತಬೇಕು ಅನ್ನೋದು. ಪರದೆಯ ಮೂಲೆಯಲ್ಲಿ ಮೂರು ಅಡ್ಡಗೆರೆ ಇರುತ್ತದಲ್ಲ, ಅದನ್ನು 1981ರಲ್ಲಿ ಜೆರಾಕ್ಸ್ ಸ್ಟಾರ್ ಅನ್ನೋ ಕಂಪ್ಯೂಟರಿಗಾಗಿ ಬರೆದವರು ನಾರ್ಮ್ ಕಾಕ್ಸ್. ಒಳಗೊಂದು ಪಟ್ಟಿ ಇದೆ ಅಂತ ಸೂಚಿಸುವ ಗುರುತು. ಪಟ್ಟಿ ಕಂಡವರಿಗೆ ಅದು ಪಟ್ಟಿ. ದೊಡ್ಡಮ್ಮನಿಗೆ ಅದು ವಿಭೂತಿ. “ವಿಭೂತಿ ಒತ್ತಿ ದೊಡ್ಡಮ್ಮ” ಅಂತ ಒಂದು ಸಲ ಹೇಳಿದ್ದೆ, ಅವತ್ತಿನಿಂದ ಆ ಗುರುತು ಅವರಿಗೆ ತಪ್ಪಿಲ್ಲ. ಸಿದ್ಧಗಂಗೆಯ ಸೀಮೆಯಲ್ಲಿ ಇದಕ್ಕಿಂತ ಸುಲಭದ ಪಾಠ ಇನ್ಯಾವುದಿದೆ? ಮೂರು ಚುಕ್ಕಿಗೆ ಮಾತ್ರ ಇನ್ನೂ ಹೆಸರು ಸಿಕ್ಕಿಲ್ಲ.

ಓಟಿಪಿಯ ಕಥೆ ಬೇರೆ. ದೊಡ್ಡಮ್ಮನ ಆಧಾರಿಗೆ ಜೋಡಿಸಿದ ನಂಬರು ಮಗನದು, ಮಗ ಇರೋದು ಪೀಣ್ಯದಲ್ಲಿ. ಇಲ್ಲಿ ಗ್ರಾಮ ಒನ್ ಕೇಂದ್ರದ ಹುಡುಗ ಗುಂಡಿ ಒತ್ತುತ್ತಾನೆ, ಅಲ್ಲಿ ಮಗನ ಫೋನು ಲಾಕರಿನಲ್ಲಿ ಗುಣುಗುಟ್ಟುತ್ತದೆ. ಅವನು ಶಿಫ್ಟಿನಲ್ಲಿ ಮೆಷಿನ್ ಮುಂದೆ ನಿಂತಿರುತ್ತಾನೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನೋಡಿ ಆರು ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ಈ ಪದ್ಧತಿ ಬರೆದವರು ಒಬ್ಬ ಮನುಷ್ಯನಿಗೆ ಒಂದು ಫೋನು, ಅದು ಸದಾ ಅವನ ಕೈಯಲ್ಲೇ ಅಂತ ಎಣಿಸಿದ್ದಾರೆ. ನಮ್ಮ ಸೀಮೆಯಲ್ಲಿ ಒಂದು ಫೋನು ಅಂದರೆ ಒಂದು ಮನೆ.

ಅಂಕಿ ನೆನಪಿಡುವ ಮಾತು ಬಂದಾಗ ಮೇಷ್ಟ್ರು ಹಳೆಯ ಲ್ಯಾಂಡ್‌ಲೈನ್ ಕಾಲಕ್ಕೆ ಹೊರಟರು. “ಶಿರಾ 08135, ಪಾವಗಡ 08136, ಮಧುಗಿರಿ 08137, ಕೊರಟಗೆರೆ 08138. ಇವತ್ತೂ ನಿದ್ದೇಲಿ ಎಬ್ಬಿಸಿ ಕೇಳು, ಹೇಳ್ತೀನಿ.” ಹೇಳಲೇಬೇಕು, ಸಾಲಾಗಿದೆಯಲ್ಲ. ಮೊದಲ ನಾಲ್ಕು ಅಂಕಿ ಎಲ್ಲಕ್ಕೂ ಒಂದೇ, ಕೊನೆಯದು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮೇಷ್ಟ್ರು ಇಟ್ಟುಕೊಂಡಿರೋದು ನಾಲ್ಕು ಕೋಡಲ್ಲ, ಒಂದು ಕೋಡು ಮತ್ತು ಒಂದು ವರಸೆ. ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞರು 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದುಕೊಳ್ಳುವುದು ಏಳು ತುಣುಕು, ಹೆಚ್ಚೂಕಡಿಮೆ ಎರಡು, ಅಂದರು. 2001ರಲ್ಲಿ ನೆಲ್ಸನ್ ಕೊವನ್ ಅದನ್ನೂ ಇಳಿಸಿ ನಾಲ್ಕರ ಸುಮಾರು ಅಂದರು. ತುಣುಕು ಅಂದರೆ ಒಂದೊಂದು ಅಂಕಿಯೇ ಆಗಬೇಕಿಲ್ಲ, ಒಟ್ಟಿಗೆ ಕಟ್ಟಿಟ್ಟ ಕಂತೆಯೂ ಒಂದು ತುಣುಕೇ. ಆಧಾರಿನ 12 ಅಂಕಿಯನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರೋದು ಅದಕ್ಕೇ. ಅಷ್ಟು ಬುದ್ಧಿ ಅಲ್ಲಿ ಕೆಲಸ ಮಾಡಿದೆ. ಆದರೆ ಸರ್ಕಾರದ ಸಕಾಲ ಸೇವೆಗೆ ಅರ್ಜಿ ಹಾಕಿದರೆ ಕೈಗೆ ಬರೋದು 15 ಅಂಕಿಯ ನಂಬರು. ಅದರ ಜೊತೆಗೆ ರೇಷನ್ ಕಾರ್ಡಿನ ನಂಬರು, ಕರೆಂಟು ಬಿಲ್ಲಿನ ನಂಬರು, ರೈತರ ಎಫ್‌ಐಡಿ, ಸರ್ವೆ ನಂಬರು, ಅದರ ಹಿಸ್ಸಾ, ಎಟಿಎಂ ಪಿನ್ನು, ಫೋನ್‌ಪೇ ಪಿನ್ನು. ನಾಲ್ಕು ತುಣುಕಿನ ತಲೆಗೆ!

ಪಾಸ್‌ವರ್ಡು ಬೇರೆ. ಒಂದು ದೊಡ್ಡಕ್ಷರ, ಒಂದು ಚಿಕ್ಕಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು, ಮೂರು ತಿಂಗಳಿಗೊಮ್ಮೆ ಬದಲಾಗಬೇಕು. ಈ ಶಾಸ್ತ್ರ ಪ್ರಪಂಚಕ್ಕೆಲ್ಲ ಹಬ್ಬಿದ್ದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ 2003ರಲ್ಲಿ ಬಿಲ್ ಬರ್ ಅನ್ನುವವರು ಬರೆದ ಕೈಪಿಡಿಯಿಂದ. 2017ರಲ್ಲಿ ಅವರೇ ಪತ್ರಿಕೆಯವರ ಮುಂದೆ, ಹಾಗೆ ಬರೆಯಬಾರದಿತ್ತು ಅಂತ ಪೇಚಾಡಿಕೊಂಡರು. ಜನಕ್ಕೆ ನೆನಪಿಡೋದು ಕಷ್ಟ ಆಯ್ತೇ ಹೊರತು ಕಳ್ಳನಿಗೆ ಊಹಿಸೋದು ಕಷ್ಟ ಆಗಲಿಲ್ಲ. ನಿಸ್ಟ್‌ನವರೂ ಅದೇ ವರ್ಷ ಆ ನಿಯಮ ಸಡಿಲಿಸಿದರು. ಆ ಸುದ್ದಿ ನಮ್ಮ ಕಡೆಯ ಅರ್ಜಿ ನಮೂನೆಗಳಿಗೆ ಇನ್ನೂ ಪೂರ್ತಿ ಮುಟ್ಟಿಲ್ಲ. ಎಲ್ಲ ಮನೆಯ ಪಾಸ್‌ವರ್ಡೂ ಗೋಡೆ ಕ್ಯಾಲೆಂಡರಿನ ಹಿಂದೆ ಕ್ಷೇಮವಾಗಿದೆ.

“ಅಂಗಾದ್ರೆ ಸುಲಭವಾಗಿ ಮಾಡಿರೋದು ಒಂದೂ ಇಲ್ವೇನಪ್ಪ?” ದೊಡ್ಡಮ್ಮ ಮೊರ ಹಿಡಿದು ಹೊರಗೆ ಬಂದರು. ಕಡ್ಲೆಕಾಯಿ ಬಿಡಿಸುವ ಕೆಲಸ. ಮಾತು ಸಾಗಲು ಅದಕ್ಕಿಂತ ಒಳ್ಳೆಯದಿಲ್ಲ.

ಇದೆ ದೊಡ್ಡಮ್ಮ, ನೀವು ದಿನಾ ಹತ್ತುವ ಬಸ್ಸೇ ಇದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೆ ನೀವು ಯಾವ ಅರ್ಜಿ ಹಾಕಿದಿರಿ? ಯಾವ ಓಟಿಪಿ ಬಂತು? ಬಸ್ ಹತ್ತಿದಿರಿ, ಆಧಾರ್ ತೋರಿಸಿದಿರಿ, ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟರು, ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿ ಸಂಜೆಗೆ ಮನೆ. ಯೋಜನೆ ಸರಿಯೋ ತಪ್ಪೋ ಅನ್ನೋದು ಚುನಾವಣೆ ಮಾತು, ಅದಕ್ಕೆ ಬೇರೆ ಬೇಲಿ ಇದೆ. ನಾನು ಹೇಳೋದು ಅದರ ಬಾಗಿಲಿನ ಬಗ್ಗೆ. ಅದೇ ಸಮಯದ ಗೃಹಜ್ಯೋತಿಗೆ ಜೂನ್ 18ರಿಂದ ಅರ್ಜಿ, ಗೃಹಲಕ್ಷ್ಮಿಗೆ ಜುಲೈ 19ರಿಂದ ನೋಂದಣಿ. ರಾಜ್ಯದ ಹಳ್ಳಿ ಹಳ್ಳಿಯ ಹೆಂಗಸರು ‘ಸರ್ವರ್ ಡೌನ್’ ಅನ್ನೋದನ್ನು ಬಾಯಿಪಾಠ ಮಾಡಿದ್ದು ಆ ಎರಡು ತಿಂಗಳಲ್ಲಿ. ಶಕ್ತಿಗೆ ಮಾತ್ರ ಸರ್ವರಿನ ಹಂಗೇ ಇರಲಿಲ್ಲ. 2025ರ ಜುಲೈ ಹೊತ್ತಿಗೆ 500 ಕೋಟಿ ಸೊನ್ನೆ ಟಿಕೆಟ್ ಹರಿದಿದ್ದವು.

ಹಾಗಂತ ತೊಡಕು ಮಾಯವಾಯಿತೇ? ಎಲ್ಲಿ ಹೋಗುತ್ತದೆ! ಅದು ಕಂಡಕ್ಟರ ಕೈಯ ಯಂತ್ರಕ್ಕೆ ಹೋಯಿತು. ಯಾರು ಎಲ್ಲಿ ಹತ್ತಿ ಎಲ್ಲಿ ಇಳಿದರು, ನಿಗಮಕ್ಕೆ ಸರ್ಕಾರ ಎಷ್ಟು ಕಟ್ಟಿಕೊಡಬೇಕು, ಆ ಲೆಕ್ಕವೆಲ್ಲ ಆ ಸೊನ್ನೆ ಟಿಕೆಟ್ಟಿನಿಂದಲೇ ಹೊರಡಬೇಕು. ಶನಿವಾರ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ತುಂಬಿ ಹೋಗುವ ಬಸ್ಸಿನಲ್ಲಿ ನಿಂತು ಒಬ್ಬೊಬ್ಬರಿಗೂ ಟಿಕೆಟ್ ಹರಿಯುವ ಕಂಡಕ್ಟರನ್ನು ನೋಡಿದರೆ ಟೆಸ್ಲರ್ ಹೇಳಿದ್ದು ಕಣ್ಣಿಗೆ ಕಟ್ಟುತ್ತದೆ. ಹೊರೆ ಲಕ್ಷಾಂತರ ತಲೆಯಿಂದ ಇಳಿದು ಸಾವಿರಾರು ತಲೆಗೆ ಏರಿತು. ಆ ಸಾವಿರಾರು ಜನಕ್ಕೆ ಅದು ಸಂಬಳದ ಕೆಲಸ, ತರಬೇತಿಯೂ ಉಂಟು. ನನ್ನ ಲೆಕ್ಕದಲ್ಲಿ ಅದು ಸರಿಯಾದ ಹಂಚಿಕೆ. ಕಂಡಕ್ಟರ ಯಂತ್ರದ ಗುಂಡಿಗಳನ್ನು ಇನ್ನಷ್ಟು ಕಡಿಮೆ ಮಾಡಿಕೊಟ್ಟರೆ ಇನ್ನೂ ಸರಿ.

ಇದಕ್ಕಿಂತ ದೊಡ್ಡ ಪುಣ್ಯದ ಕೆಲಸ ಇನ್ನೊಂದು ಆಗಿದೆ. 1951-52ರ ಮೊದಲ ಮಹಾಚುನಾವಣೆ. ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ 18 ಮಂದಿ. ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರು. ಓದಲು ಬಾರದವರು ಮತ ಹಾಕೋದು ಹೇಗೆ? ಅವರಿಗೆ ಅಕ್ಷರ ಕಲಿಸಿ ಆಮೇಲೆ ಚುನಾವಣೆ ಮಾಡೋಣ ಅಂತ ಯಾರೂ ಕೂರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟರು, ಅದರ ಮೇಲೆ ಜೋಡೆತ್ತೋ ಗುಡಿಸಲೋ ಗುರುತು ಅಂಟಿಸಿದರು. ಚೀಟಿಯ ಮೇಲೆ ಏನೂ ಬರೆಯೋದು ಬೇಡ, ಗುರುತು ನೋಡಿ ಪೆಟ್ಟಿಗೆಗೆ ಹಾಕಿದರೆ ಆಯಿತು. ಅಷ್ಟು ಪೆಟ್ಟಿಗೆ ಮಾಡಿಸಿ, ಹೊತ್ತು, ಕಾಯ್ದು, ಎಣಿಸುವ ರಗಳೆಯೆಲ್ಲ ಸರ್ಕಾರದ ತಲೆಗೆ. ಮತದಾರನ ಪಾಲಿಗೆ ಒಂದೇ ಪ್ರಶ್ನೆ ಉಳಿಯಿತು: ಯಾರಿಗೆ? 1957ರಲ್ಲೂ ಹೀಗೇ ನಡೆಯಿತು, ಗುರುತಿನ ಮೇಲೆ ಮುದ್ರೆ ಒತ್ತೋದು ಆಮೇಲೆ ಬಂತು.

ಈಗಿನ ಮತಯಂತ್ರ ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್‌ನಲ್ಲಿ ತಯಾರಾಗೋದು. ಮೊದಲು ಬಳಸಿದ್ದು 1982ರಲ್ಲಿ ಕೇರಳದ ಪರವೂರಿನಲ್ಲಿ, ಇಡೀ ದೇಶಕ್ಕೆ ಬಂದದ್ದು 2004ರ ಲೋಕಸಭೆಗೆ. ಬಿಇಎಲ್‌ನಲ್ಲಿ ಆ ಕೆಲಸ ನೋಡಿಕೊಂಡ ಇಂಜಿನಿಯರು ಎಸ್. ರಂಗರಾಜನ್, ತಮಿಳು ಓದುಗರಿಗೆ ಸುಜಾತಾ ಅನ್ನೋ ಹೆಸರಿನ ಕಾದಂಬರಿಕಾರ. ಯಂತ್ರದ ರೂಪ ತಿದ್ದಿದವರು ಬಾಂಬೆ ಐಐಟಿಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಅದನ್ನು ಒಂದು ಸಲ ಗಮನಿಸಿ ನೋಡಿ. ಹೆಸರು, ಗುರುತು, ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಅಲ್ಲೇ ಕೆಂಪು ದೀಪ, ಆಮೇಲೆ ಕುಂಯ್ ಅನ್ನೋ ಸದ್ದು. ಎರಡನೇ ಸಲ ಒತ್ತಿದರೆ ಏನೂ ಆಗದು. ಅಧಿಕಾರಿ ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಬ್ಯಾಲಟ್ ಗುಂಡಿ ಒತ್ತಿದ ಮೇಲೇ ಮುಂದಿನವರ ಸರದಿ. ‘ನೀವು ಖಚಿತವಾಗಿದ್ದೀರಾ, ಹೌದು, ಇಲ್ಲ’ ಅಂತ ಕೇಳೋದಿಲ್ಲ. ವಿಭೂತಿ ಇಲ್ಲ, ಚುಕ್ಕಿ ಇಲ್ಲ. ಶತಾಯುಷಿ ಅಜ್ಜಿಯೂ ಒಳಗೆ ಹೋಗಿ ಕೆಲಸ ಮುಗಿಸಿ ಬೆರಳು ತೋರಿಸಿಕೊಂಡು ಬರುತ್ತಾರೆ.

ಸ್ಟೀವ್ ಕ್ರಗ್ ಅನ್ನೋರು 2000ದಲ್ಲಿ ಇಂಥದ್ದರ ಬಗ್ಗೆಯೇ ಪುಸ್ತಕ ಬರೆದರು, ಹೆಸರು ‘ಡೋಂಟ್ ಮೇಕ್ ಮಿ ಥಿಂಕ್’, ಅಂದೆ. ಅನ್ನಬಾರದಿತ್ತು. ಮೇಷ್ಟ್ರು ಕೆರಳಿದರು.

“ಏನು? ಯೋಚನೆ ಮಾಡೋ ಹಾಗೆ ಮಾಡಬೇಡಿ ಅಂತಲಾ? ನಾನು ಸರ್ವೀಸು ಪೂರ್ತಿ ಯೋಚನೆ ಮಾಡ್ರೋ, ಯೋಚನೆ ಮಾಡ್ರೋ ಅಂತ ಬಡ್ಕೊಂಡಿದೀನಿ ಕಣಯ್ಯ. ಹಿಂಗೆ ಎಲ್ಲ ಸುಲಭ ಮಾಡಿ ಮಾಡಿಯೇ ಹುಡುಗರಿಗೆ ಹದಿನೇಳರ ಮಗ್ಗಿ ಬರ್ತಾ ಇಲ್ಲ. ಪಹಣಿ ನೋಡು. ಅದಕ್ಕಿಂತ ಕಷ್ಟದ ಕಾಗದ ಯಾವುದೈತೆ? ಅಕ್ಷರ ಬರದ ನಮ್ಮಪ್ಪ ಕೂಡ ಒಂಬತ್ತನೇ ಕಾಲಂ ನೋಡೋ, ಹನ್ನೊಂದು ನೋಡೋ ಅಂತಿದ್ದರು.”

ಈ ಮಾತು ಸುಳ್ಳಲ್ಲ. ಪಹಣಿ ಅಂದರೆ ಸಣ್ಣ ಅಕ್ಷರ, ಒತ್ತೊತ್ತಾದ ಮನೆಗಳು. ಒಂಬತ್ತನೇ ಕಾಲಂನಲ್ಲಿ ಜಮೀನು ಯಾರ ಹೆಸರಿಗಿದೆ, ಹತ್ತರಲ್ಲಿ ಅದು ಹೇಗೆ ಬಂತು, ಹನ್ನೊಂದರಲ್ಲಿ ಸಾಲದ ಋಣ, ಹನ್ನೆರಡರಲ್ಲಿ ಬೆಳೆ. 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಶ್ಯಾನುಭೋಗರ ಕೈಬರಹದ ಕಾಲದಿಂದ ಬಂದ ಆ ಕಾಲಂಗಳು ಅದರಲ್ಲೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಅಲ್ಲಿದೆ ಗುಟ್ಟು. ಕಷ್ಟದ್ದು ಒಂದೇ ಕಡೆ ನೆಟ್ಟಗೆ ಕೂತಿದ್ದರೆ ಜನ ಕಲಿಯುತ್ತಾರೆ, ಮೊಮ್ಮಕ್ಕಳಿಗೂ ಹೇಳಿಕೊಡುತ್ತಾರೆ. ಫೋನಿನ ಆ್ಯಪು ಹಾಗಲ್ಲ. ನಿನ್ನೆ ಕೆಳಗಿದ್ದ ಗುಂಡಿ ಅಪ್‌ಡೇಟ್ ಆದ ಬೆಳಿಗ್ಗೆ ಮೇಲಿರುತ್ತದೆ, ಹಸಿರು ಹೋಗಿ ನೇರಳೆ ಆಗಿರುತ್ತದೆ. ದೊಡ್ಡಮ್ಮ ಆರು ತಿಂಗಳು ಕಷ್ಟಪಟ್ಟು ಕಲಿತದ್ದು ಒಂದು ರಾತ್ರಿಯಲ್ಲಿ ಹೋಯಿತು. ಯಾಕೆ ಬದಲಾಯಿಸಿದರು? ಚೆನ್ನಾಗಿ ಕಾಣಲಿ ಅಂತ. ಹೊಸದು ಮಾಡಿದ್ದಕ್ಕೆ ಯಾರಿಗೋ ಬಡ್ತಿಯೂ ಸಿಕ್ಕಿರಬಹುದು.

ಹೀಗೆ ಮೇಷ್ಟ್ರು ಅರ್ಧ ಗೆದ್ದರು. ಇನ್ನರ್ಧಕ್ಕೆ ದೊಡ್ಡಮ್ಮನೇ ಉತ್ತರ ಕೊಟ್ಟರು. “ಯೋಚ್ನೆ ಮಾಡ್ಬಾರ್ದು ಅಂತಲ್ಲ ಕಣ್ರಿ. ಕಾಯಿ ಯಾವ್ ರೇಟಿಗೆ ಕೊಡ್ಬೇಕು ಅಂತ ಯೋಚ್ನೆ ಮಾಡ್ತೀವಿ, ಮಗಳನ್ನ ಯಾವ್ ಮನೇಗೆ ಕೊಡ್ಬೇಕು ಅಂತ ಯೋಚ್ನೆ ಮಾಡ್ತೀವಿ. ಗುಂಡಿ ಎಲ್ಲೈತೆ ಅಂತ್ಲೂ ಯೋಚ್ನೆ ಮಾಡ್ಬೇಕಾ?” ಇದನ್ನೇ ಜಾನ್ ಸ್ವೆಲ್ಲರ್ ಅನ್ನುವ ಆಸ್ಟ್ರೇಲಿಯದ ವಿದ್ವಾಂಸರು 1988ರಿಂದ ಪುಟಗಟ್ಟಲೆ ಬರೆದಿದ್ದಾರೆ: ವಿಷಯದ್ದೇ ಆದ ಭಾರ ಬೇರೆ, ಅದನ್ನು ಮುಂದಿಟ್ಟ ರೀತಿಯಿಂದ ಬರುವ ಭಾರ ಬೇರೆ. ದೊಡ್ಡಮ್ಮ ಕಡ್ಲೆಕಾಯಿ ಬಿಡಿಸುತ್ತಾ ಹೇಳಿ ಮುಗಿಸಿದರು.

ಆದರೆ ಮೇಷ್ಟ್ರ ಅನುಮಾನಕ್ಕೆ ಇನ್ನೊಂದು ಆಧಾರವೂ ಇದೆ. ಯೋಚನೆ ಮಾಡದ ಹಾಗೆ ಮಾಡೋದು ಕಳ್ಳರಿಗೂ ಬೇಕಾದ ವಿದ್ಯೆ. ಸಾಲದ ಆ್ಯಪಿನಲ್ಲಿ ಸಾಲ ತಗೊಳ್ಳುವ ಗುಂಡಿ ಅಂಗೈಯಗಲ ಇರುತ್ತದೆ, ಬಡ್ಡಿ ಎಷ್ಟು ಅನ್ನೋದು ಇರುವೆಯಷ್ಟು. ಚಂದಾ ಕಟ್ಟಲು ಒಂದು ಒತ್ತು, ಬಿಡಿಸಿಕೊಳ್ಳಲು ಹನ್ನೆರಡು ಬಾಗಿಲು. ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇವಕ್ಕೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಮೋಸದ ವರಸೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಆದ್ದರಿಂದ ದುಡ್ಡು ಹೋಗುವ ಬಾಗಿಲಲ್ಲಿ ಒಂದು ಹೊಸಿಲು ಇರಲೇಬೇಕು. ಮತಯಂತ್ರದ ಪಕ್ಕದ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ನಿಲ್ಲುತ್ತದಲ್ಲ, ಅದು ಅಂಥ ಹೊಸಿಲು. ಎಟಿಎಂ ಕೂಡ ಹಾಗೇ. ಮೊದಲು ಕಾರ್ಡು ತಗೋ, ಆಮೇಲೆ ದುಡ್ಡು, ಅನ್ನುವ ಕ್ರಮ ಬೇಕೆಂದೇ ಮಾಡಿದ್ದು. ದುಡ್ಡು ಮೊದಲು ಕೈಗೆ ಬಂದರೆ ಬಂದ ಕೆಲಸ ಆಯಿತು ಅಂತ ಮನಸ್ಸು ಹೊರಟುಬಿಡುತ್ತದೆ, ಕಾರ್ಡು ಅಲ್ಲೇ ಉಳಿಯುತ್ತದೆ. ಮನುಷ್ಯ ಮರೆಯುತ್ತಾನೆ ಅಂತ ಒಪ್ಪಿಕೊಂಡು ಕಟ್ಟಿದ ಯಂತ್ರ. ಯಂತ್ರವೇ ಅಷ್ಟು ವಿನಯದಿಂದ ಇದ್ದರೆ ನನಗೆ ಬಹಳ ಇಷ್ಟ.

ಪಾವಗಡದ ಕಡೆ ಹೋದಾಗ ನೋಡಿ. ಆಂಧ್ರದ ನಡುವೆ ಚಾಚಿಕೊಂಡ ತಾಲ್ಲೂಕು. ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷು. ಬೋರಿನ ನೀರಿನಲ್ಲಿ ಫ್ಲೋರೈಡು, ಅದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ. ಗೋಡೆಯಲ್ಲಿ ಒಂದು ಸೀಳು, ಕೆಳಗೊಂದು ಕೊಳಾಯಿ. ನಾಣ್ಯ ಹಾಕಿದರೆ ಕ್ಯಾನು ತುಂಬುವಷ್ಟು ನೀರು ಬಂದು ತಾನೇ ನಿಲ್ಲುತ್ತದೆ. ತೆಲುಗಿನವರಿಗೂ ಅದೇ, ಕನ್ನಡದವರಿಗೂ ಅದೇ, ಆರು ವರ್ಷದ ಹುಡುಗಿಗೂ ಅದೇ. ಒಳಗೆ ಪೊರೆ, ಪಂಪು, ಟೈಮರು ಏನೇನಿದೆಯೋ, ನೀರಿಗೆ ಬಂದವರು ಅದನ್ನು ತಿಳಿಯಬೇಕಿಲ್ಲ. ಅಂಗಡಿಯ ಕ್ಯೂಆರ್ ಪಕ್ಕದಲ್ಲಿ ಕೂತು ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೂಗುವ ಡಬ್ಬಿಯೂ ಇದೇ ಜಾತಿಯದು. ಸೊಪ್ಪು ಕಟ್ಟುವ ಕೈ ಒದ್ದೆಯಾಗಿರುತ್ತದೆ, ಫೋನು ತೆಗೆದು ನೋಡಲಾಗದು ಅಂತ ಯಾರೋ ಒಬ್ಬರು ಸಂತೆಯಲ್ಲಿ ನಿಂತು ಗಮನಿಸಿದ್ದಾರೆ.

ನಿಂತು ಗಮನಿಸುವ ಆ ಕೆಲಸವೇ ಬಹಳ ಕಡೆ ಆಗಿಲ್ಲ. ಸದ್ಯಕ್ಕೆ ನಮ್ಮ ಸೀಮೆಯ ತೊಡಕನ್ನೆಲ್ಲ ಹೊತ್ತಿರೋದು ಗ್ರಾಮ ಒನ್ ಕೇಂದ್ರದ ಹುಡುಗರು, ಆನ್‌ಲೈನ್ ಅಂಗಡಿಯವರು, ಬೇಲಿ ಪಕ್ಕದ ನನ್ನಂಥವರು. ಜನಕ್ಕೆ ಸುಲಭವಾಗಿದೆ ಅಂತ ವರದಿ ಬರೆಯುವವರು ನಮ್ಮನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಅರ್ಜಿ ಸಲ್ಲಿಕೆಯಾಯಿತು ಅಂತಷ್ಟೇ ಅವರ ಪರದೆಯಲ್ಲಿ ಕಾಣೋದು. ಯಾರ ಬೆರಳು ಸಲ್ಲಿಸಿತು ಅಂತ ಕಾಣೋದಿಲ್ಲ.

ಆ್ಯಪು, ವೆಬ್‌ಸೈಟು ಕಟ್ಟುವ ಬೆಂಗಳೂರಿನ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಒಂದು ಮನವಿ. ನಿಮ್ಮ ಕಸುಬಿನ ಹಿರಿಯರಾದ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ, ಐದು ಜನರ ಕೈಗೆ ಕೊಟ್ಟು ನೋಡಿದರೆ ಬಹುಪಾಲು ತೊಡಕು ಹೊರಗೆ ಬೀಳುತ್ತದೆ ಅಂತ. ಆ ಐವರಲ್ಲಿ ನಾಲ್ವರನ್ನು ನಮ್ಮ ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬರಂತೆ ಆರಿಸಿಕೊಳ್ಳಿ, ಐದನೆಯವರು ನಿಮ್ಮ ಅಜ್ಜಿ ಇರಲಿ. ಫೋನು ಅವರ ಕೈಗೆ ಕೊಡಿ, ಎಲ್ಲಿ ಒತ್ತಬೇಕು ಅಂತ ಹೇಳಿಕೊಡಬೇಡಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿ. ಮೆಜೆಸ್ಟಿಕ್ಕಿನಿಂದ ಮಧುಗಿರಿಗೆ ನೂರು ಕಿಲೋಮೀಟರಿನ ಆಸುಪಾಸು, ಬಸ್ಸುಗಳಿಗೇನೂ ಬರವಿಲ್ಲ. ಅಕ್ಕಂದಿರಿಗೆ ಟಿಕೆಟ್ಟೂ ಸೊನ್ನೆ, ಆಧಾರ್ ಮರೆಯದೆ ತನ್ನಿ.